ಐರಿಷ್ ಅಂಕಲ್‌ಗೆ ವಾಸನೆ ಹೋದದ್ದು

ಆಶ್‌ಬರ್ನ್‌ನ ನಮ್ಮ ಸಾಲಿನ ಕೊನೆಯ ಟೌನ್‌ಹೌಸಿಗೆ ಹೊಸಬರು ಬಂದಿದ್ದಾರೆ. ಒಳ್ಳೆಯ ಜನವೇ ಇರಬೇಕು, ಕಂಡಾಗ ಕೈ ಬೀಸುತ್ತಾರೆ. ಆದರೂ ಆ ಮನೆಯ ಮುಂದೆ ಹಾದುಹೋಗುವಾಗ ನನ್ನ ಕಾಲು ತಾನಾಗಿಯೇ ನಿಧಾನವಾಗುತ್ತದೆ. ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ಕೂತವರೊಬ್ಬರು ತಲೆ ಎತ್ತಿ, ಗಾಳಿಯನ್ನೊಮ್ಮೆ ಮೂಸಿ, "ಇವತ್ತು ಮೆಂತ್ಯ" ಎನ್ನಬೇಕು. ಅದು ಕಿವಿಗೆ ಬಿದ್ದ ಮೇಲೆಯೇ ನನಗೆ ಮನೆಗೆ ಬಂದೆ ಅನಿಸುತ್ತಿದ್ದದ್ದು. ಹೋದ ಮಾರ್ಚಿನಲ್ಲಿ ಅವರು ತೀರಿಕೊಂಡರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಕರೆದವರು ನಮ್ಮ ಸಾಲಿನಲ್ಲಿ ಯಾರೂ ಇರಲಿಲ್ಲ. ಮಕ್ಕಳು ಅಂಕಲ್ ಅಂದವು, ಮಕ್ಕಳನ್ನು ನೋಡಿ ನಾವೂ ಅಂಕಲ್ ಅಂದೆವು. ಐರ್ಲೆಂಡಿನ ಕಾರ್ಕ್ ಕಡೆಯವರು. ಚಿಕ್ಕವಯಸ್ಸಿನಲ್ಲೇ ಅಮೆರಿಕಕ್ಕೆ ಬಂದು, ಇಲ್ಲೇ ಹತ್ತಿರದ ಡಲಸ್ ಏರ್‌ಪೋರ್ಟಿನಲ್ಲಿ, ಕಳೆದುಹೋದ ಸಾಮಾನುಗಳನ್ನು ಹುಡುಕಿಕೊಡುವ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ನಾರ್ತ್ ಕ್ಯಾರೊಲೈನಾದವರು. ನಾವು ಈ ಸಾಲಿಗೆ ಬರುವ ಹೊತ್ತಿಗೆ ಆಕೆ ಇರಲಿಲ್ಲ. ಮಕ್ಕಳಿರಲಿಲ್ಲ. ತಮ್ಮವರು ಎಂದು ಅವರಿಗೆ ಉಳಿದಿದ್ದವರು ಕಾರ್ಕ್‌ನಲ್ಲಿದ್ದ ಅಕ್ಕ ಒಬ್ಬರೇ.

ನಲವತ್ತು ದಾಟಿದ, ಹೈಸ್ಕೂಲಿಗೆ ಹೋಗುವ ಮಗಳಿದ್ದ ನನ್ನನ್ನು ಅವರು "ಗರ್ಲ್" ಎಂದೇ ಕರೆಯುತ್ತಿದ್ದರು. ಮೊದಮೊದಲು ಮೈಯುರಿಯುತ್ತಿತ್ತು. ನಾನೇನು ಇವರ ಮನೆಯ ಆಳೇ ಎಂದು ನಮ್ಮನೆಯವರ ಹತ್ತಿರ ರೇಗಿದ್ದೆ. ಆಮೇಲೆ ನೋಡಿದರೆ ತಮಗಿಂತ ದೊಡ್ಡವರಾದ ಅಕ್ಕನನ್ನೂ ಫೋನಿನಲ್ಲಿ ಹಾಗೇ ಕರೆಯುತ್ತಿದ್ದರು, ಅಕ್ಕನೂ ನನ್ನನ್ನು ಹಾಗೇ ಕರೆದರು. ಅವರ ಊರಿನ ಸಲಿಗೆ ಅದು, ನಮ್ಮ ಮೈಸೂರಿನಲ್ಲಿ "ಏನಮ್ಮಾ" ಅಂದ ಹಾಗೆ. ಅವರಾಡಿದ್ದೆಲ್ಲ ಇಂಗ್ಲಿಷೇ, ಅದೂ ಮಾತಿಗೊಂದು ರಾಗವಿರುವ ಇಂಗ್ಲಿಷ್. ನನ್ನ ಕಿವಿಯಲ್ಲಿ ಅದು ಈಗ ಹೇಗೆ ಉಳಿದಿದೆಯೋ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೆಲವರು ಕಣ್ಣಿನಿಂದ ಬದುಕುತ್ತಾರೆ, ಇವರು ಮೂಗಿನಿಂದ ಬದುಕಿದವರು. ಟೊಮೆಟೊ ಕೊಳ್ಳುವಾಗ ಹಿಸುಕಿ ನೋಡುತ್ತಿರಲಿಲ್ಲ, ಮೂಸುತ್ತಿದ್ದರು. ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ಡೇಟ್ ನೋಡುತ್ತಿರಲಿಲ್ಲ. ಹಿಮ ಬೀಳುತ್ತದೆ ಎಂದು ಫೋನು ಹೇಳುವ ಮುಂಚೆ ಇವರು ಹೇಳುತ್ತಿದ್ದರು, ಅದು ಕಬ್ಬಿಣದ ವಾಸನೆಯಂತೆ. ನಮ್ಮ ಸಾಲಿನಲ್ಲಿ ಯಾರ ಮನೆಯಲ್ಲಿ ಏನು ಅಡುಗೆ ಎಂಬುದು ಅವರಿಗೆ ಮೆಟ್ಟಿಲ ಮೇಲೆ ಕೂತಲ್ಲಿಗೇ ತಿಳಿಯುತ್ತಿತ್ತು. ಒಮ್ಮೆ ನಾನು ಉಳಿದ ಅನ್ನಕ್ಕೆ ಚಿತ್ರಾನ್ನದ ಒಗ್ಗರಣೆ ಹಾಕುತ್ತಿದ್ದಾಗ ಬಂದು ಬಾಗಿಲು ತಟ್ಟಿ, "ಅರಿಶಿನ ಸೀಯುತ್ತಿದೆ, ಗರ್ಲ್" ಎಂದು ಹೇಳಿ ಹೊರಟೇ ಹೋದರು. ಓಡಿ ನೋಡಿದರೆ ನಿಜ, ಸೀಯುತ್ತಿತ್ತು.

"ನಿಮ್ಮ ಜನ ನನಗೆ ಪರಿಚಯವಾದದ್ದೇ ಸೂಟ್‌ಕೇಸಿನಿಂದ" ಎನ್ನುತ್ತಿದ್ದರು. ಏರ್‌ಪೋರ್ಟಿನಲ್ಲಿ ಉಪ್ಪಿನಕಾಯಿ ಬಾಟಲಿ ಒಡೆದ ಸೂಟ್‌ಕೇಸ್ ಬಂದರೆ ಜೊತೆಯವರೆಲ್ಲ ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದರಂತೆ. ಇವರು ಮಾತ್ರ ಹತ್ತಿರ ಹೋಗಿ, ಪ್ಲಾಸ್ಟಿಕ್ ಹೊದಿಸಿ ಜೋಪಾನವಾಗಿ ಇಟ್ಟು, ಅದರ ಒಡೆಯರು ಬಂದಾಗ, "ಎಣ್ಣೆ ಸೋರಿದೆ, ಬಟ್ಟೆ ಹಾಳಾಗಿದೆ, ಉಪ್ಪಿನಕಾಯಿಯೇನೋ ಚೆನ್ನಾಗಿದೆ" ಎಂದು ಒಪ್ಪಿಸುತ್ತಿದ್ದರಂತೆ. ತಿಂದು ನೋಡ್ತಿದ್ರಾ ಅಂಕಲ್ ಎಂದು ಕೇಳಿದರೆ ಬರೀ ನಗು.

ನಮ್ಮ ಸಾಲಿನವರೆಲ್ಲ ಪ್ರತಿ ಡಿಸೆಂಬರಿನಲ್ಲಿ ಕ್ಲಬ್‌ಹೌಸಿನಲ್ಲಿ ಸೇರುತ್ತೇವೆ, ಮನೆಗೊಂದು ಅಡುಗೆ ಮಾಡಿ ತಂದು ಹಂಚಿಕೊಂಡು ಉಣ್ಣುತ್ತೇವೆ. ಕ್ರಿಸ್‌ಮಸ್ ಪಾಟ್‌ಲಕ್ ಅನ್ನಬೇಕೋ ಹಾಲಿಡೇ ಪಾಟ್‌ಲಕ್ ಅನ್ನಬೇಕೋ ಎಂದು ವಾಟ್ಸಾಪಿನಲ್ಲಿ ವರ್ಷವೂ ಜಗಳ. ಪ್ರತಿ ಪಾತ್ರೆಯ ಮುಂದೆಯೂ ಒಂದು ಚೀಟಿ ನಿಲ್ಲಬೇಕು: ವೆಜ್, ಎಗ್ ಇದೆ, ಹಲಾಲ್, ಗೋಡಂಬಿ ಇದೆ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಬೇರೆ ಬಿಳಿಯರು ಈ ಚೀಟಿಗಳನ್ನು ನೋಡಿ ಮೂಗು ಮುರಿಯುವುದನ್ನು ನಾನೇ ಕಂಡಿದ್ದೇನೆ. ಅಂಕಲ್ ಮಾತ್ರ ಒಂದೊಂದೇ ಚೀಟಿಯನ್ನು ಓದಿ, ಯಾರಿಗೆ ಯಾವುದು ಆಗುವುದಿಲ್ಲ, ಯಾಕೆ ಆಗುವುದಿಲ್ಲ ಎಂದು ಕೇಳಿ ತಿಳಿದುಕೊಂಡು, ಮುಂದಿನ ವರ್ಷ ಅದಕ್ಕೆ ತಕ್ಕ ಹಾಗೆ ಮಾಡಿಕೊಂಡು ಬರುತ್ತಿದ್ದರು. ಅವರ ಊರಿನ ಸೋಡಾ ಬ್ರೆಡ್ಡಿಗೆ ಮೊಟ್ಟೆ ಬೇಡ, ಈಸ್ಟ್ ಬೇಡ, ಮಜ್ಜಿಗೆ ಮತ್ತು ಸೋಡಾ ಸಾಕು. ಇದು ನಮ್ಮ ಸಸ್ಯಾಹಾರಿಗಳಿಗೆ ಆಗುತ್ತದೆ ಎಂದು ಗೊತ್ತಾದ ದಿನ ಅವರಿಗೆ ಲಾಟರಿ ಹೊಡೆದಷ್ಟು ಸಂತೋಷ.

ಇನ್ನೊಂದು ಕೋಲ್ಕ್ಯಾನನ್. ಬೇಯಿಸಿದ ಆಲೂಗಡ್ಡೆ ಕಿವುಚಿ, ಎಲೆಕೋಸು ಸೇರಿಸಿ, ಹಾಲು ಬೆಣ್ಣೆ ಹಾಕಿ ಕಲಸಿ ಗುಡ್ಡೆ ಮಾಡಿ, ನಡುವೆ ಒಂದು ಗುಂಡಿ ತೋಡುತ್ತಾರೆ. ಆ ಗುಂಡಿಯಲ್ಲಿ ಕಾಯಿಸಿದ ಬೆಣ್ಣೆ ನಿಲ್ಲಬೇಕು, ಒಂದೊಂದೇ ಚಮಚವನ್ನು ಅದರಲ್ಲಿ ಅದ್ದಿ ತಿನ್ನಬೇಕು. ನಮ್ಮ ಪಕ್ಕದ ಮನೆಯ ವೀಣಾ, ಅವಳೂ ಮೈಸೂರಿನವಳೇ, ಅಪ್ಪಟ ಸಸ್ಯಾಹಾರಿ. ಮೊದಲ ವರ್ಷ ಅಂಕಲ್ ಬೆಣ್ಣೆ ಕಾಯಿಸಲು ಕ್ಲಬ್‌ಹೌಸಿನ ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಇವಳು ಆ ಗುಂಡಿಯ ತುಂಬ ಸಾಸಿವೆ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಹುಯ್ದುಬಿಟ್ಟಿದ್ದಳು. ತನ್ನ ಪಲ್ಯಕ್ಕೆಂದು ತಂದಿದ್ದ ಒಗ್ಗರಣೆ.

"ಏನ್ ಮಾಡಿದ್ರಿ ವೀಣಾ?" ಎಂದೆ.

"ಒಗ್ಗರಣೆಗೆ ಅಂತ ಜಾಗ ಬಿಟ್ಟು, ಹಾಕೋದೇ ಮರ್ತಿದಾರೆ ಪಾಪ ಅಂದ್ಕೊಂಡೆ ಕಣ್ರೀ. ಹೆಲ್ಪ್ ಮಾಡೋಣ ಅಂತ."

ಅಂಕಲ್ ಬೆಣ್ಣೆಯ ಪಾತ್ರೆ ಹಿಡಿದು ಬಂದು ನಿಂತರು. ವೀಣಾಳ ಮುಖ ಬಿಳಿಚಿಕೊಂಡಿತ್ತು. ಅವರು ಬಗ್ಗಿ ಮೂಸಿದರು, ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. ನಿಂತಲ್ಲೇ ಒಂದು ಚಮಚ ತಿಂದು, ಆಮೇಲೆ ಒಂದು ತಟ್ಟೆ ತುಂಬ ಹಾಕಿಕೊಂಡು ಹೋದರು. ಮುಂದಿನ ವರ್ಷ ಗುಂಡಿಯನ್ನು ಇನ್ನೂ ದೊಡ್ಡದಾಗಿ ತೋಡಿ ತಂದು, ವೀಣಾಳ ಮುಂದೆ ಇಟ್ಟು, ಕೈ ಕಟ್ಟಿಕೊಂಡು ಕಾದರು. ಅಲ್ಲಿಂದ ಅದು ನಮ್ಮ ಸಾಲಿನ ಪದ್ಧತಿಯಾಯಿತು. ಇಲ್ಲಿ ಹುಟ್ಟಿದ ಮಕ್ಕಳು ಐರ್ಲೆಂಡಿನಲ್ಲಿ ಕರಿಬೇವು ಬೆಳೆಯುತ್ತದೆ ಎಂದೇ ತಿಳಿದಿವೆ.

ಇಷ್ಟೆಲ್ಲ ಇದ್ದರೂ ಅವರ ಜೀವ ಇದ್ದದ್ದು ಸ್ಪೈಸ್ಡ್ ಬೀಫಿನಲ್ಲಿ. ಕಾರ್ಕ್‌ನಲ್ಲಿ ಅದಿಲ್ಲದೆ ಕ್ರಿಸ್‌ಮಸ್ ಇಲ್ಲವಂತೆ. ಮಾಂಸದ ದೊಡ್ಡ ತುಂಡಿಗೆ ಉಪ್ಪು, ಕಂದು ಸಕ್ಕರೆ, ಲವಂಗ, ಮೆಣಸು, ಜಾಯಿಕಾಯಿ ಮತ್ತೆ ಇನ್ನೇನೇನೋ ಪುಡಿ ಮಾಡಿ ಹಚ್ಚಿ, ವಾರಕ್ಕೂ ಮೇಲೆ ತಣ್ಣಗೆ ಇಡಬೇಕು. ದಿನವೂ ಹೊರಳಿಸಿ, ಕೈಯಿಂದಲೇ ಉಜ್ಜಬೇಕು. ಆಮೇಲೆ ಸಣ್ಣ ಉರಿಯಲ್ಲಿ ಬೇಯಿಸಿ, ಮೇಲೆ ಭಾರ ಹೇರಿ, ತಣ್ಣಗಾದ ಮೇಲೆ ತೆಳ್ಳಗೆ ಕೊಯ್ಯಬೇಕು. ಬಕ್ರೀದ್ ಆದ ಮೇಲೆ ನಮ್ಮಜ್ಜಿ ಮಂಡಿ ಮೊಹಲ್ಲಾದ ಮನೆಯ ತಾರಸಿಯಲ್ಲಿ ಮಾಂಸಕ್ಕೆ ಉಪ್ಪು ಅರಿಶಿನ ಹಚ್ಚಿ ಒಣಗಿಸುತ್ತಿದ್ದದ್ದನ್ನು ಹೇಳಿದೆ. "ಹಾಗಾದರೆ ನಿನಗೆ ಅರ್ಥವಾಗುತ್ತದೆ" ಎಂದು ಕುರ್ಚಿ ಹತ್ತಿರ ಎಳೆದುಕೊಂಡರು. ಚಿಕ್ಕಂದಿನಲ್ಲಿ ಮಾಂಸ ಹೊರಳಿಸುವುದು ಇವರ ಕೆಲಸ, ಉಜ್ಜುವುದು ಅಕ್ಕನ ಕೆಲಸ, ಸಾಕೋ ಇನ್ನೂ ಬೇಕೋ ಎಂದು ಮೂಸಿ ಹೇಳುವುದು ಅಮ್ಮನ ಕೆಲಸವಾಗಿತ್ತಂತೆ.

ಅವರಮ್ಮ ಅದನ್ನು ಕಪ್ಪು ಬಿಯರಿನಲ್ಲಿ ಬೇಯಿಸುತ್ತಿದ್ದರು. ನಾವು ಮುಸ್ಲಿಮರು, ನಮಗೆ ಅದಾಗದು ಎಂದು ತಿಳಿದ ವರ್ಷದಿಂದ ಅಂಕಲ್ ಬಿಯರ್ ಬಿಟ್ಟು ಕಡು ಕಪ್ಪು ಚಹಾ ಕುದಿಸಿ ಅದರಲ್ಲಿ ಬೇಯಿಸತೊಡಗಿದರು. ಬೇಡ ಅಂಕಲ್, ನೀವು ನಿಮ್ಮ ಹಾಗೆ ಮಾಡಿ, ನಾವು ಬ್ರೆಡ್ಡು ತಿಂತೀವಿ ಎಂದರೆ ಕೇಳಲಿಲ್ಲ. "ರುಚಿ ಇರುವುದು ಮಸಾಲೆಯಲ್ಲಿ, ಬಿಯರಿನಲ್ಲಲ್ಲ" ಎಂದರು. ಮಾಂಸಕ್ಕೆ ಶ್ಯಾಂಟಿಲಿಯ ಹಲಾಲ್ ಅಂಗಡಿಯವರೆಗೆ ಡ್ರೈವ್ ಮಾಡಿಕೊಂಡು ಹೋಗಿ, ಪೊಟ್ಟಣ ಬಿಚ್ಚುವ ಮೊದಲು ನಮ್ಮ ಮನೆ ಬಾಗಿಲಿಗೆ ತಂದು, ಅದರ ಮೇಲಿನ ಸ್ಟಿಕ್ಕರ್ ತೋರಿಸಿ ಹೋಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ವೀಣಾಳ ಹತ್ತಿರವೂ ಹೋಗಿ, ಒಂದೇ ಮೇಜಿನ ಮೇಲಿಟ್ಟರೆ ನಿನಗೆ ಬೇಜಾರಾ ಎಂದು ನೇರವಾಗಿ ಕೇಳಿದ್ದರು.

"ಕೇಳಿದ್ರಲ್ಲ, ಅಷ್ಟು ಸಾಕು ಅಂಕಲ್" ಎಂದಿದ್ದಳು ವೀಣಾ. "ಆ ಮೂಲೇಲಿ ಸಪರೇಟ್ ಟೇಬಲ್ ಹಾಕೋಣ. ನಾನು ಆ ಕಡೆ ಬರಲ್ಲ, ಅಷ್ಟೇ."

ಕೋವಿಡ್ ಬಂದ ವರ್ಷ ಕ್ಲಬ್‌ಹೌಸಿಗೆ ಬೀಗ. ಒಬ್ಬರ ಬಾಗಿಲಲ್ಲಿ ಒಬ್ಬರು ಡಬ್ಬ ಇಟ್ಟು, ಬೆಲ್ ಒತ್ತಿ, ದೂರ ಹೋಗಿ ನಿಂತು ಕೈ ಬೀಸಿದೆವು. ಅಂಕಲ್ ನಮ್ಮ ಬಾಗಿಲಲ್ಲಿ ಬೀಫ್ ಇಟ್ಟಿದ್ದರು. ಮಗಳು ಸನಾಳ ಆನ್‌ಲೈನ್ ಕ್ಲಾಸು, ನಮ್ಮನೆಯವರ ಮೀಟಿಂಗು, ನನ್ನ ತಲೆನೋವು, ಇವುಗಳ ನಡುವೆ ಎರಡು ತುಂಡು ತಿಂದೆ. ಚೆನ್ನಾಗಿತ್ತು. ಅದಕ್ಕಿಂತ ಹೆಚ್ಚು ನೆನಪಿಟ್ಟುಕೊಳ್ಳಬೇಕಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು.

ಹೊಸ ವರ್ಷ ಕಳೆದ ಮೇಲೆ ಅವರಿಗೆ ಕೋವಿಡ್ ಬಂತು. ಆಸ್ಪತ್ರೆಗೆ ಹೋಗಿ, ಬದುಕಿ ಬಂದರು. ಬಿಸಿಲು ಬಂದ ಮೇಲೆ ಮತ್ತೆ ಮೆಟ್ಟಿಲ ಮೇಲೆ ಕುರ್ಚಿ ಹಾಕಿದರು. ನಾನು ಹಾದುಹೋಗುವಾಗ ತಲೆ ಎತ್ತಿ ಎಂದಿನಂತೆ ಮೂಸಿದರು, ಆದರೆ ಏನೂ ಹೇಳಲಿಲ್ಲ. ಇನ್ನೂ ಸುಸ್ತು ಇರಬೇಕು ಎಂದುಕೊಂಡೆ. ಕೆಲವು ದಿನಗಳ ಮೇಲೆ ಅವರ ಅಡುಗೆಮನೆಯ ಕಿಟಕಿಯಿಂದ ಹೊಗೆ ಬರುತ್ತಿರುವುದನ್ನು ಕಂಡು ಓಡಿದೆ. ಬಾಗಿಲು ತೆಗೆದಿತ್ತು. ಓವನ್ನಿನಲ್ಲಿ ಸೋಡಾ ಬ್ರೆಡ್ ಇದ್ದಿಲಾಗಿದೆ, ಹೊಗೆಯ ಗಂಟೆ ಕೆಟ್ಟಿತ್ತೋ ಏನೋ, ಬಡಿದುಕೊಂಡಿಲ್ಲ. ಅಂಕಲ್ ಮುಂದಿನ ಕೋಣೆಯಲ್ಲಿ ಆರಾಮಾಗಿ ಪೇಪರ್ ಓದುತ್ತಿದ್ದಾರೆ. ನಾನು ಕೂಗಿದ ಮೇಲೆ ಎದ್ದು ಬಂದು, ಆ ಕರಿ ಮುದ್ದೆಯನ್ನು ನೋಡುತ್ತ ನಿಂತರು.

"ನನಗೆ ಗೊತ್ತಾಗಲಿಲ್ಲ" ಎಂದರು. ಒಂದು ಚೂರು ಮುರಿದು ಮೂಗಿಗೆ ಹಿಡಿದು, "ಏನೂ ಗೊತ್ತಾಗುತ್ತಿಲ್ಲ, ಗರ್ಲ್" ಎಂದರು.

ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆಯ ಪುಟ್ಟ ಸೀಸೆಗಳನ್ನು ದಿನವೂ ಮೂಸಿ ಮೂಗಿಗೆ ಅಭ್ಯಾಸ ಮಾಡಿಸಬೇಕಂತೆ. ಬೆಳಿಗ್ಗೆ ಮೆಟ್ಟಿಲ ಮೇಲೆ ಸೀಸೆಗಳನ್ನು ಸಾಲಾಗಿ ಇಟ್ಟುಕೊಂಡು, ಸ್ಕೂಲಿನ ಮಗು ಪಾಠ ಒಪ್ಪಿಸುವ ಹಾಗೆ ಒಂದೊಂದನ್ನೇ ಮೂಗಿಗೆ ಹಿಡಿಯುತ್ತಿದ್ದರು. ಏನಾದ್ರೂ ಬಂತಾ ಅಂಕಲ್ ಎಂದು ನಾನು ಕೇಳುತ್ತಿದ್ದೆ. "ನಾಳೆ" ಎನ್ನುತ್ತಿದ್ದರು. ಬೇಸಿಗೆ ಕಳೆದು ಎಲೆ ಉದುರುವವರೆಗೂ ಕೇಳಿದೆ, ಅವರೂ ನಾಳೆ ಎಂದೇ ಹೇಳಿದರು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ಊಟ ರಟ್ಟು ಅಗಿದ ಹಾಗೆ ಎನ್ನುತ್ತಿದ್ದರು. ಅಂಗಿಯ ಕಾಲರಿನೊಳಗೆ ಕತ್ತು ಸಣ್ಣಗಾಯಿತು.

ಆ ಡಿಸೆಂಬರಿನಲ್ಲಿ ಹಲಾಲ್ ಪೊಟ್ಟಣ ಹಿಡಿದು ಬಂದವರು ಸ್ಟಿಕ್ಕರ್ ತೋರಿಸಿ ಹಿಂದಿರುಗಲಿಲ್ಲ, ಒಳಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು.

"ನಿನ್ನ ಮೂಗು ಬೇಕು" ಎಂದರು.

"ನನ್ನ ಮೂಗಿಗೆ ಏನು ಗೊತ್ತು ಅಂಕಲ್? ನಾನು ನಿಮ್ಮ ಊರು ನೋಡಿಲ್ಲ, ನಿಮ್ಮಮ್ಮನ ಕೈಯೂಟ ತಿಂದಿಲ್ಲ."

"ನಾನು ಹೇಳುತ್ತೇನೆ. ನೀನು ಹುಡುಕು" ಎಂದರು. ಆಮೇಲೆ ಪೊಟ್ಟಣವನ್ನು ಸವರುತ್ತ, "ಅಮ್ಮನ ಮುಖ ಫೋಟೋದಲ್ಲಿದೆ. ಇದು ಎಲ್ಲಿಯೂ ಇಲ್ಲ, ಅಳತೆ ಯಾರೂ ಬರೆದಿಟ್ಟಿಲ್ಲ, ಮೂಗೇ ಅಳತೆ. ನನ್ನ ತಲೆಯಲ್ಲಿತ್ತು, ನನ್ನ ಅಕ್ಕನ ತಲೆಯಲ್ಲಿದೆ. ನಾನು ಸತ್ತ ಮೇಲೆ ಹೋದರೆ ಹೋಗಲಿ. ಬದುಕಿದ್ದಾಗಲೇ ಹೋಯಿತಲ್ಲ" ಎಂದರು. ಮಿಕ್ಸಿ ಜಾರು ತೊಳೆದು ತಂದೆ.

ಪಾಠ ಶುರುವಾಯಿತು. ಪುಡಿ ಹದಕ್ಕೆ ಬಂದಾಗ ಮೊದಲು ಚರ್ಚಿನ ವಾಸನೆ ಬರಬೇಕು, ಆಮೇಲೆ ಕಿತ್ತಳೆ ಸಿಪ್ಪೆ, ಕೊನೆಗೆ ಅವರಪ್ಪನ ಕೋಟು. ನನಗೆ ರೇಗಿತು. ನಿಮ್ಮಪ್ಪನ ಕೋಟನ್ನು ನಾನೆಲ್ಲಿ ಮೂಸಿದೀನಿ ಅಂಕಲ್ ಎಂದೆ. "ಮಳೆಯಲ್ಲಿ ನೆಂದ ಉಣ್ಣೆ. ಸ್ವಲ್ಪ ಹೊಗೆಸೊಪ್ಪು. ಸ್ವಲ್ಪ ನಾಯಿ." ನಾನು ಯೋಚಿಸಿ, ಮಂಡಿಯಲ್ಲಿ ನೆಂದ ಗೋಣಿಚೀಲದ ಹಾಗಾ ಎಂದೆ. ಗೋಣಿಚೀಲ ಹೇಗಿರುತ್ತದೆ ಹೇಳು ಎಂದರು. ಹೇಳಿದೆ. "ಹತ್ತಿರ ಬಂದೆ" ಎಂದರು. ಹೀಗೆ, ಅವರು ಮೂಸಿದ್ದನ್ನು ನಾನು ಮೂಸಿರಲಿಲ್ಲ, ನಾನು ಮೂಸಿದ್ದನ್ನು ಅವರು ಮೂಸಿರಲಿಲ್ಲ. ಇಬ್ಬರೂ ತಡಕಾಡುತ್ತ, ಲವಂಗ ಒಂದೆಂದರೆ ಮೆಣಸು ಎರಡೆನ್ನುತ್ತ, ಜಗಳವಾಡುತ್ತ ಆ ಪುಡಿ ಮಾಡಿದೆವು.

ಸ್ಕೂಲಿನಿಂದ ಬಂದ ಸನಾ ಬಾಗಿಲಲ್ಲೇ ಬ್ಯಾಗು ಬಿಸಾಕಿ, "ಮಾಮ್, ಇಟ್ ಸ್ಮೆಲ್ಸ್ ಲೈಕ್ ಬಿರಿಯಾನಿ" ಎಂದಳು.

ಅಂಕಲ್‌ಗೆ ಸ್ಟೂಲಿನ ಮೇಲೆ ಕೂರಲಾಗಲಿಲ್ಲ, ಎದ್ದು ನಿಂತರು. "ಬಿರಿಯಾನಿಯೇ?" ಎಂದು ನನ್ನ ಮುಖ ನೋಡಿದರು. ನನ್ನ ಕೈ ನನಗೇ ಗೊತ್ತಿಲ್ಲದೆ ಚಕ್ಕೆಯ ಕಡೆ ಹೋಗಿತ್ತು. ಅಷ್ಟನ್ನೂ ಪಕ್ಕಕ್ಕಿಟ್ಟು ಮೊದಲಿನಿಂದ ಮಾಡಿದೆವು. ಅವತ್ತಿನಿಂದ ಸನಾಳೇ ಜಡ್ಜ್. ದಿನವೂ ಮಾಂಸ ಹೊರಳಿಸಿ ಉಜ್ಜಿದ ಮೇಲೆ ಅವಳನ್ನು ಕರೆದು, "ಈಗ ಬಿರಿಯಾನಿಯಾ?" ಎಂದು ಕೇಳುತ್ತಿದ್ದರು. "ನೋ ಅಂಕಲ್, ನಾಟ್ ಬಿರಿಯಾನಿ" ಎಂದರೆ ಮಾತ್ರ ಮನೆಗೆ ಹೋಗಿ ಮಲಗುತ್ತಿದ್ದರು.

ಆ ವರ್ಷ ಪಾರ್ಕಿಂಗ್ ಲಾಟಿನಲ್ಲಿ, ಮಾಸ್ಕ್ ಹಾಕಿಕೊಂಡು ಪಾಟ್‌ಲಕ್ ಮಾಡಿದೆವು. ಬೀಫ್ ಖಾಲಿಯಾಯಿತು. ಎಲ್ಲರೂ ಸೂಪರ್ ಅಂಕಲ್ ಅಂದರು. ಆದರೆ ಸೂಪರ್ ಅಂದವರಲ್ಲಿ ಯಾರಿಗೂ ಅವರಮ್ಮನದು ಹೇಗಿತ್ತೆಂದು ಗೊತ್ತಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಭಾನುವಾರ ಅಕ್ಕನಿಗೆ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು. "ಒಂದು ಸಲ ಬಾ, ಗರ್ಲ್. ಒಂದು ತುಂಡು ತಿಂದು ಹೌದೋ ಅಲ್ಲವೋ ಹೇಳು. ನಿನಗಾದರೂ ಇದೆಯಲ್ಲ." ಅಕ್ಕನಿಗೆ ಮಂಡಿನೋವು, ವಯಸ್ಸು. ಮುಂದಿನ ವರ್ಷ ಬರುತ್ತೇನೆ ಎನ್ನುತ್ತಿದ್ದರು. ಮುಂದಿನ ವರ್ಷವೂ ಅದನ್ನೇ ಹೇಳಿದರು. ನಾವು ಡಿಸೆಂಬರ್ ಬಂದಾಗಲೆಲ್ಲ ಸ್ಟೂಲಿನ ಮೇಲೆ ಕೂತು ಮತ್ತೆ ತಡಕಾಡಿದೆವು.

ಕೊನೆಯ ಡಿಸೆಂಬರ್ ಹೊತ್ತಿಗೆ ಅಂಕಲ್‌ರ ಶ್ವಾಸಕೋಶ ಸೋತಿತ್ತು. ಮೂಗಿಗೆ ಆಕ್ಸಿಜನ್ ನಳಿಕೆ, ಪಕ್ಕದಲ್ಲಿ ಗಾಲಿಯ ಮೇಲೆ ಮಶೀನು. ಮಾಂಸ ಹೊರಳಿಸುವ ಶಕ್ತಿ ಇರಲಿಲ್ಲ. ನಾನು ಹೊರಳಿಸಿದೆ, ನಾನೇ ಉಜ್ಜಿದೆ, ಅವರು ಕೂತು ನೋಡಿದರು. ತಮ್ಮನ ಸ್ಥಿತಿ ಕೇಳಿ ಅಕ್ಕ ಕೊನೆಗೂ ವಿಮಾನ ಹತ್ತಿದರು. ಉಣ್ಣೆಯ ಟೋಪಿ ಹಾಕಿದ, ಹಿಡಿಯಷ್ಟಿದ್ದ ಮುದುಕಿ. ನಮ್ಮನೆಯವರು ಏರ್‌ಪೋರ್ಟಿನಿಂದ ಕರೆತಂದರು. ಅಕ್ಕ ತಮ್ಮ ಅಳಲಿಲ್ಲ, ಒಬ್ಬರ ಕೆನ್ನೆಗೆ ಒಬ್ಬರು ಮೆಲ್ಲಗೆ ಹೊಡೆದುಕೊಂಡರು.

ಪಾಟ್‌ಲಕ್ ದಿನ ಬೆಳಿಗ್ಗೆ ಅವರ ಅಡುಗೆಮನೆಯಲ್ಲಿ ನಾನು ಮಾಂಸ ಕೊಯ್ದೆ. ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ನಾನು ಅಷ್ಟು ಹೆದರಿರಲಿಲ್ಲ. ಒಂದು ತುಂಡನ್ನು ತಟ್ಟೆಯಲ್ಲಿಟ್ಟು ಅಕ್ಕನ ಮುಂದೆ ಹಿಡಿದೆ. ಅಂಕಲ್ ಎದುರಿನ ಕುರ್ಚಿಯಲ್ಲಿ ಕೂತು, ಮಶೀನಿನ ಮೇಲೆ ಕೈಯಿಟ್ಟುಕೊಂಡು, ಅಕ್ಕನ ಮುಖವನ್ನೇ ನೋಡುತ್ತಿದ್ದರು. ಅಕ್ಕ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಬಹಳ ಹೊತ್ತು ಅಗಿದರು. ನುಂಗಿ, ಕಣ್ಣು ತೆರೆದು, ತಮ್ಮನ ಕಡೆ ತಿರುಗಿ, "ಹೌದು" ಎಂದರು. "ಅಮ್ಮನದೇ."

ಅಂಕಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಚೆನ್ನಾಗಿ ಅತ್ತೆ. ನನ್ನ ಜನ್ಮದಲ್ಲಿ ಏನೋ ಒಂದನ್ನು ಸರಿಯಾಗಿ ಮಾಡಿದೆ ಅನಿಸಿತು.

ಅವತ್ತು ಕ್ಲಬ್‌ಹೌಸಿನಲ್ಲಿ ಅವರು ಕೂರಲೇ ಇಲ್ಲ. ಮಶೀನು ಎಳೆದುಕೊಂಡು ಒಂದೊಂದೇ ಮೇಜಿಗೆ ಹೋಗಿ, "ನನ್ನ ಅಕ್ಕ ಹೌದು ಅಂದಳು" ಎಂದು ಹೇಳಿ ಬಂದರು. ಎಲ್ಲ ಮೇಜೂ ಆದ ಮೇಲೆ ಮೊದಲ ಮೇಜಿನವರಿಗೆ ಮತ್ತೆ ಹೇಳಿದರು. ವೀಣಾ ಅವರಿಗೆ ಒಗ್ಗರಣೆಯ ಕೋಲ್ಕ್ಯಾನನ್ ತಿನ್ನಿಸಿದಳು. ನಳಿಕೆಯ ಕೆಳಗೆ ಬಾಯಿ ತೆರೆದು ಮಗುವಿನ ಹಾಗೆ ತಿಂದರು. ಮಾರ್ಚಿನಲ್ಲಿ ಹೋದರು. ಕೊನೆಯ ಸಲ ನೋಡಲು ಹೋದಾಗ ನನ್ನ ಕೈ ಹಿಡಿದು, "ಡಿಸೆಂಬರಿನಲ್ಲಿ ಮೇಜಿನ ಮೇಲೆ ಇರಲಿ" ಎಂದಷ್ಟೇ ಹೇಳಿದರು. ಅಕ್ಕನಿಗೆ ಮತ್ತೆ ಬರಲಾಗಲಿಲ್ಲ, ಮಣ್ಣು ಮಾಡಿದ್ದನ್ನು ಫೋನಿನಲ್ಲೇ ನೋಡಿದರು.

ಈ ಡಿಸೆಂಬರಿನಲ್ಲಿ ಪಾಟ್‌ಲಕ್ ಗ್ರೂಪಿನಲ್ಲಿ ವೀಣಾ ಮೆಸೇಜ್ ಹಾಕಿದಳು: "ಅಂಕಲ್ ಐಟಮ್ಸ್ ಯಾರು ಮಾಡ್ತೀರಾ? ಕೋಲ್ಕ್ಯಾನನ್ ನಂದು." ಬೀಫ್ ನಾನು ಎಂದೆ. ಶ್ಯಾಂಟಿಲಿಗೆ ಹೋಗಿ ಮಾಂಸ ತಂದೆ. ಪುಡಿ ಮಾಡಿದೆ, ಹಚ್ಚಿದೆ, ದಿನವೂ ಹೊರಳಿಸಿ ಉಜ್ಜಿದೆ. ಸ್ಟೂಲು ಖಾಲಿ ಇತ್ತು. ಸನಾ ಕಾಲೇಜಿಗೆಂದು ಅಟ್ಲಾಂಟಾದಲ್ಲಿದ್ದಾಳೆ. ಒಬ್ಬಳೇ ಮಾಡುವಾಗ ಏನೋ ಹೆಚ್ಚುಕಮ್ಮಿಯಾದ ಹಾಗೆ ಅನಿಸುತ್ತಲೇ ಇತ್ತು. ಪಾಟ್‌ಲಕ್ ದಿನ ಬೆಳಿಗ್ಗೆ ಒಂದು ತುಂಡು ಕೊಯ್ದು ತಿಂದೆ. ಲವಂಗ ಸ್ವಲ್ಪ ಮುಂದೆ ಬಂದಿದೆಯೇನೋ. ಹೋದ ವರ್ಷವೂ ಹೀಗೇ ಇತ್ತೋ, ಇದು ನನ್ನ ಭ್ರಮೆಯೋ ತಿಳಿಯಲಿಲ್ಲ. ಹೌದು ಅಂದವರನ್ನೇ ಕೇಳೋಣ ಎಂದು ಕಾರ್ಕ್‌ಗೆ ವಿಡಿಯೋ ಕಾಲ್ ಮಾಡಿದೆ.

ಅಕ್ಕ ಅದೇ ಟೋಪಿ ಹಾಕಿಕೊಂಡಿದ್ದರು. ತಟ್ಟೆ ತೋರಿಸಿದೆ. ಕೊಯ್ದ ಮಾಂಸದ ಬಣ್ಣ ನೋಡಿ ಖುಷಿಪಟ್ಟರು. ನಿಮ್ಮಮ್ಮನದರಲ್ಲಿ ಲವಂಗ ಮೊದಲು ನಾಲಿಗೆಗೆ ಸಿಗುತ್ತಿತ್ತಾ, ಕೊನೆಗೆ ಸಿಗುತ್ತಿತ್ತಾ ಎಂದು ಕೇಳಿದೆ. ಅವರು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡರು.

"ಅದನ್ನು ನನ್ನ ಕೇಳಬೇಡ, ಗರ್ಲ್" ಎಂದರು. "ಅವನಿಗೆ ಆದ ಹಾಗೇ ನನಗೂ ಆಗಿತ್ತು. ಅದೇ ಚಳಿಗಾಲ, ಅದೇ ಕಾಯಿಲೆ. ವಾಸನೆ, ರುಚಿ ಇವತ್ತಿಗೂ ವಾಪಸು ಬಂದಿಲ್ಲ."

ಚಾಕು ಕೆಳಗಿಟ್ಟೆ. "ಹಾಗಾದ್ರೆ ಹೋದ ವರ್ಷ, ಅವತ್ತು?"

"ಬಾಯಲ್ಲಿ ತಣ್ಣಗೆ ಏನೋ ಇತ್ತು. ಮೆತ್ತಗಿತ್ತು. ಅಷ್ಟೇ ಗೊತ್ತಾಗಿದ್ದು. ಅವನಿಗೆ ಹೇಗೆ ಹೇಳಲಿ? ಭಾನುವಾರ ಬಂದರೆ ನಿನಗಾದರೂ ಇದೆಯಲ್ಲ, ನಿನಗಾದರೂ ಇದೆಯಲ್ಲ ಅನ್ನುತ್ತಿದ್ದ. ಅದಕ್ಕೇ ಬರುವುದನ್ನು ಮುಂದೂಡುತ್ತಿದ್ದೆ. ಕೊನೆಗೆ ಬಂದೆ. ನನ್ನ ಮುಖವನ್ನೇ ನೋಡುತ್ತಾ ಕೂತಿದ್ದ. ಹೌದು ಅಂದೆ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಅಷ್ಟು ಡಿಸೆಂಬರ್‌ಗಳು ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ ಹುಡುಕಿದೆವಲ್ಲ. ಬಾತ್‌ರೂಮಿನಲ್ಲಿ ನಿಂತು ಸಂತೋಷಕ್ಕೆ ಅತ್ತಿದ್ದೆನಲ್ಲ. ಆಮೇಲೆ ಆ ಮುದುಕಿ ಟೋಪಿಯ ಅಂಚಿನಿಂದ ಕಣ್ಣೊರೆಸಿಕೊಳ್ಳುವುದನ್ನು ನೋಡಿ ಸಿಟ್ಟು ಇಳಿಯಿತು. ಕಾರ್ಕ್‌ನ ಆ ಮನೆಯ ರುಚಿ ಗೊತ್ತಿದ್ದವರು ಇಬ್ಬರೇ. ಒಬ್ಬರು ಮಣ್ಣಿನಲ್ಲಿದ್ದಾರೆ, ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಲೋಕದಲ್ಲಿ ಉಳಿದದ್ದು ನನ್ನ ನಾಲಿಗೆ ಒಂದು, ಅದಕ್ಕೆ ಮೊದಲಿನಿಂದಲೂ ಆ ರುಚಿ ಗೊತ್ತಿರಲಿಲ್ಲ.

"ಒಂದು ತುಂಡು ತಿನ್ನು" ಎಂದರು ಅಕ್ಕ. "ನಾನು ನೋಡುತ್ತೇನೆ."

ತಿಂದೆ. ಅವಸರ ಮಾಡದೆ ಅಗಿದೆ. ಆಕೆ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡಿದ್ದರು. ಪರದೆಯ ತುಂಬ ಅವರ ಮುಖವೇ ಇತ್ತು.

"ಅಮ್ಮನದರ ಹಾಗೇ ಇದೆಯಾ, ಗರ್ಲ್?"

"ಹೌದು" ಎಂದೆ.